ವಲ್ಲಿಯ ಕೆಳಗಿನ ವಾಣಿಜ್ಯ

ನನಗೊಂದು ಕಾಯಿಲೆಯಿದೆ. ಯಾವ ವಿಷಯ ಕೊಟ್ಟರೂ ಅದರ ಎರಡೂ ಕಡೆಯಿಂದ ವಾದಿಸಬಲ್ಲೆ. ಇದು ಕಾಯಿಲೆಯೆಂದು ಮೊದಮೊದಲು ಯಾರೂ ಗುರುತಿಸಲಿಲ್ಲ. ಪ್ರತಿಭೆ ಎಂದುಕೊಂಡು ಬಹುಮಾನ ಕೊಟ್ಟರು. ಹೈಸ್ಕೂಲಿನ ಕೊನೆಯ ವರ್ಷ ‘ಪಟ್ಟಣಕ್ಕಿಂತ ಹಳ್ಳಿಯ ಬಾಳೇ ಮೇಲು’ ಎಂದು ಸಾಧಿಸಿ ಒಂದು ಬೆಳ್ಳಿಬಣ್ಣದ ಬಟ್ಟಲು ಗೆದ್ದೆ. ಮರುವರ್ಷ ಕಾಲೇಜಿನ ಚರ್ಚಾಕೂಟದಲ್ಲಿ ಅದೇ ವಿಷಯ ಬಂತು. ನಾಣ್ಯ ಚಿಮ್ಮಿದಾಗ ಎದುರು ಪಕ್ಷ ನನ್ನ ಪಾಲಿಗೆ ಬಿತ್ತು. ಹಳ್ಳಿಯೆಂದರೆ ಜಗಳ, ಜ್ವರ, ಜಾತಿ ಎಂದು ಮೇಜು ಕುಟ್ಟಿ ಇನ್ನೊಂದು ಬಟ್ಟಲು ಗೆದ್ದೆ. ಸೊರಬದ ನಮ್ಮ ಮನೆಯ ಗೋಡೆಗೂಡಿನಲ್ಲಿ ಈಗ ಎರಡೂ ಬಟ್ಟಲುಗಳು ಅಕ್ಕಪಕ್ಕದಲ್ಲಿ ಕುಳಿತು ಒಂದನ್ನೊಂದು ಸುಳ್ಳೆಂದು ಸಾರುತ್ತಿವೆ. ಅಮ್ಮ ಒಂದರಲ್ಲಿ ಲವಂಗ ಇಟ್ಟಿದ್ದಾಳೆ, ಇನ್ನೊಂದರಲ್ಲಿ ಸೂಜಿದಾರ. ಅವಳ ಮಟ್ಟಿಗೆ ಆ ಚರ್ಚೆ ಇತ್ಯರ್ಥವಾಗಿದೆ.

ನನ್ನ ಮಟ್ಟಿಗೆ ಯಾವ ಚರ್ಚೆಯೂ ಇತ್ಯರ್ಥವಾಗುವುದಿಲ್ಲ. ಹಿಂದಿನ ಕಾಲದ ತಾರ್ಕಿಕರು ಮೊದಲು ಪೂರ್ವಪಕ್ಷ ಹೇಳಿ, ಅಂದರೆ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಅದನ್ನು ಮುರಿದು ತಮ್ಮ ಸಿದ್ಧಾಂತವನ್ನು ಸ್ಥಾಪಿಸುತ್ತಿದ್ದರಂತೆ. ನನ್ನ ಹತ್ತಿರ ಪೂರ್ವಪಕ್ಷಗಳು ಬೇಕಾದಷ್ಟಿವೆ. ಸಿದ್ಧಾಂತದ ದಾಸ್ತಾನು ಮಾತ್ರ ಇಲ್ಲ. ಹತ್ತೊಂಬತ್ತನೆಯ ವಯಸ್ಸಿಗೇ ಇಷ್ಟು ದಣಿದಿರುವುದು ಸರಿಯಲ್ಲವೆಂದು ಬಲ್ಲೆ. ಆದರೆ ಬೆಳಗ್ಗೆ ಎದ್ದು ಹಲ್ಲುಜ್ಜುವಾಗಲೇ ನಿಮ್ಮೊಳಗೆ ಇಬ್ಬರು ವಾದಿಗಳು ಎದ್ದು ನಿಂತು ‘ಮಾನ್ಯ ಅಧ್ಯಕ್ಷರೇ’ ಎಂದರೆ ನೀವಾದರೂ ದಣಿಯುತ್ತಿರಲಿಲ್ಲವೇ?

ಕಳೆದ ಬೇಸಿಗೆಯ ಕೊನೆಯಲ್ಲಿ ಈ ಕಾಯಿಲೆ ಉಲ್ಬಣಿಸಿತು. ಪಿ.ಯು.ಸಿ. ಎಂಬ ಹೊಸ ತರಗತಿಯನ್ನು ಹೇಗೋ ದಾಟಿದ್ದೆ. ಮುಂದಿನ ಓದಿಗೆ ಕಾಲೇಜಿನಿಂದ ಒಂದು ಅರ್ಜಿಯ ಹಾಳೆ ಬಂತು. ಹೆಸರು, ತಂದೆಯ ಹೆಸರು, ತಾಲ್ಲೂಕು ಇವೆಲ್ಲ ನಿರ್ವಿವಾದ, ತುಂಬಿದೆ. ಆಮೇಲೆ ‘ಆರಿಸಿಕೊಂಡ ವಿಭಾಗ’ ಎಂದು ಮೂರು ಅಂಗುಲದ ಒಂದು ಖಾಲಿ ಗೆರೆ. ಆ ಗೆರೆಯ ಮೇಲೆ ನನ್ನ ಇಡೀ ಬೇಸಿಗೆ ಎಡವಿ ಬಿತ್ತು.

ಸೊರಬದಲ್ಲಿ ಪ್ರೈಮರಿ ಶಾಲೆಯ ಹೆಡ್‌ಮಾಸ್ತರರಾಗಿರುವ ಅಪ್ಪನಿಗೆ ನಾನು ಬಿ.ಎ. ಓದಿ, ಆಮೇಲೆ ಕಾನೂನು ಓದಿ, ವಕೀಲನಾಗಬೇಕು. ಶಿಕಾರಿಪುರದಲ್ಲಿ ದನದ ದಲ್ಲಾಳಿಯಾಗಿರುವ ನನ್ನ ಸೋದರಮಾವ ರುದ್ರಪ್ಪನವರಿಗೆ ನಾನು ಬಿ.ಕಾಂ. ಓದಬೇಕು. ಮಾವ ನಾಲ್ಕನೆಯ ಇಯತ್ತೆ ಮುಗಿಸಿದವರಲ್ಲ. ಆದರೂ ‘ಕಾಮರ್ಸು’ ಎಂಬ ಶಬ್ದವನ್ನು ಅವರು ಉಚ್ಚರಿಸುವಾಗ ಅದಕ್ಕೊಂದು ರೇಷ್ಮೆಯ ರುಮಾಲು ಸುತ್ತಿದಂತಿರುತ್ತದೆ.

“ವಕೀಲ ಅನ್ನಾಂವ ಇಬ್ರು ಜಗಳಾಡಿದ್ರ ಬದುಕ್ತಾನ,” ಎನ್ನುತ್ತಿದ್ದರು ಮಾವ. “ವ್ಯಾಪಾರಸ್ಥ ಇಬ್ರು ಒಪ್ಪಿದ್ರ ಬದುಕ್ತಾನ. ಯಾವ್ದು ಪುಣ್ಯದ ಕೆಲ್ಸ? ನೀನ ಹೇಳು.”

ಇದನ್ನು ಹೊತ್ತು ಸೊರಬಕ್ಕೆ ಬಂದರೆ ಅಪ್ಪ ಕನ್ನಡಕದ ಮೇಲಿಂದ ನೋಡುತ್ತಿದ್ದರು. “ನಿನ್ನ ಮಾವ ಯಾವ ಕಾಲೇಜಿಗೆ ಹೋಗಿದ್ದ? ಕಾಲೇಜಿಲ್ದೇ ಬರೋ ವಿದ್ಯೆನ ಕಾಲೇಜಲ್ಲಿ ಕಲಿಯೋದು ಅಂದ್ರೆ ಹೊಳೆಗೆ ನೀರು ಹೊತ್ತಂಗೆ. ಬಾಯಿದ್ದೋನು ನೀನು. ಬಾಯಿಗೆ ತಕ್ಕ ಕೆಲ್ಸ ನೋಡ್ಕ.”

ಇಬ್ಬರ ಮಾತೂ ಸರಿಯಾಗಿಯೇ ಕಾಣುತ್ತಿತ್ತು. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ನನ್ನ ಭವಿಷ್ಯಕ್ಕೂ ನಿಲ್ದಾಣಗಳಾದವು. ಸೊರಬ ಬಿಟ್ಟಾಗ ನಾನು ಬಿ.ಎ. ಆಗಿರುತ್ತಿದ್ದೆ, ಶಿರಾಳಕೊಪ್ಪದಲ್ಲಿ ಬಸ್ಸು ನಿಂತು ಡ್ರೈವರ್ ಚಹಾ ಕುಡಿದು ಬರುವಷ್ಟರಲ್ಲಿ ಸಂಶಯ, ಅಲ್ಲಿಂದಾಚೆ ಬಿ.ಕಾಂ. ಹಿಂದಿರುಗುವಾಗ ಇದೇ ಕ್ರಮ ತಲೆಕೆಳಗು. ಇದರ ನಡುವೆ ಉಪದೇಶಕರು. ನಮ್ಮ ಕಡೆ ಒಬ್ಬ ಹುಡುಗ ಕಾಲೇಜಿಗೆ ಹೋಗುತ್ತಾನೆಂದರೆ ಅವನ ತಲೆ ಪಂಚಾಯ್ತಿಯ ಬಾವಿಯಂತೆ; ಯಾರು ಬೇಕಾದರೂ ಹಗ್ಗ ಇಳಿಬಿಡಬಹುದು. ಕ್ಷೌರ ಮಾಡುತ್ತಿದ್ದವನು ಕತ್ತಿಯನ್ನು ನನ್ನ ಗಂಟಲ ಮೇಲೆ ನಿಲ್ಲಿಸಿ, ‘ಬ್ಯಾಂಕಿನ ಕೆಲಸ ಒಳ್ಳೇದಂತೆ, ಹೌದಾ?’ ಎಂದು ಕೇಳಿದ. ಆ ಸ್ಥಿತಿಯಲ್ಲಿ ಹೌದೆನ್ನದೆ ನಾನೇನು ಮಾಡಲಿ? ಹೀಗೆ ಒಪ್ಪಿ ಒಪ್ಪಿ ಸುಸ್ತಾಗಿದ್ದೆ.

ವಿಷಯವನ್ನು ಬೇರಿನಿಂದಲೇ ಪರೀಕ್ಷಿಸೋಣವೆಂದು ಹಿರಿಯ ವಿದ್ಯಾರ್ಥಿಯೊಬ್ಬನಿಂದ ವಾಣಿಜ್ಯಶಾಸ್ತ್ರದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕಡ ತಂದೆ. ನಾನು ದೇವರನ್ನು ಸಂದೇಹಿಸುವವನು, ಜ್ಯೋತಿಷ್ಯವನ್ನು ಸಂದೇಹಿಸುವವನು, ಮಂತ್ರಿಗಳ ಭಾಷಣವನ್ನಂತೂ ಕೇಳುವ ಮೊದಲೇ ಸಂದೇಹಿಸುವವನು. ಆದರೆ ರಟ್ಟು ಹಾಕಿದ ಇಂಗ್ಲಿಷ್ ಪುಸ್ತಕದ ಮುಂದೆ ನನ್ನ ಸಂದೇಹ ಕೈಕಟ್ಟಿ ನಿಲ್ಲುತ್ತದೆ. ಮೊದಲ ಅಧ್ಯಾಯದಲ್ಲೇ ಒಂದು ಮಾತು ಹಿಡಿಸಿತು: ಒಳ್ಳೆಯ ಮಾರುಕಟ್ಟೆಯೆಂದರೆ ಕೊಳ್ಳುವವರಿಗೂ ಮಾರುವವರಿಗೂ ಎಲ್ಲ ಬೆಲೆಗಳೂ ಬಯಲಾಗಿ ತಿಳಿದಿರುವ ಜಾಗ. ಆಹಾ, ಎಂದುಕೊಂಡೆ. ಇದು ವ್ಯಾಪಾರವಲ್ಲ, ನ್ಯಾಯ. ಆ ದಿನ ಶಿರಾಳಕೊಪ್ಪದ ಈಚೆಗೂ ನಾನು ಬಿ.ಕಾಂ. ಆಗಿಯೇ ಇದ್ದೆ.

ಅರ್ಜಿ ಕಳಿಸಲು ಮೂರು ದಿನ ಉಳಿದಿತ್ತು. ಮಾವನ ಮನೆಯಲ್ಲಿ ಊಟಕ್ಕೆ ಕುಳಿತು ಈ ಸಿದ್ಧಾಂತವನ್ನು ವಿವರಿಸಿದೆ. ಮಾವ ರೊಟ್ಟಿ ಮುರಿಯುತ್ತ ಕೇಳಿದರು. “ಪುಸ್ತಕ ಆಮ್ಯಾಲೆ,” ಎಂದರು. “ನಾಳೆ ಸಂತಿಗೆ ಬಾ. ಒಂದಿನ ನಿಂತು ನೋಡು. ನೋಡಿ ಬೇಕಾದ್ದು ಬರ್ಕೊ.”

ಹೀಗೆ ನಾನು ದನದ ಸಂತೆಗೆ ಹೋದೆ.

ಸಂತೆಯೆಂದರೆ ಗದ್ದಲ ಎಂಬುದು ದೂರದಿಂದ ನೋಡಿದವರ ಮಾತು. ತರಕಾರಿಯವರು ಕೂಗುತ್ತಾರೆ, ಬಳೆಯವರು ಕೂಗುತ್ತಾರೆ, ಮಂಡಕ್ಕಿಯವರು ಎಲ್ಲರಿಗಿಂತ ಹೆಚ್ಚು ಕೂಗುತ್ತಾರೆ. ಒಂದಾಣೆಯ ಸೊಪ್ಪಿಗೆ ಊರೇ ಕೇಳುವ ಹಾಗೆ ಚೌಕಾಸಿ ನಡೆಯುತ್ತದೆ. ಆದರೆ ಹುಣಸೆಮರಗಳ ಸಾಲು ದಾಟಿ ದನ ಕಟ್ಟುವ ಬಯಲಿಗೆ ಕಾಲಿಟ್ಟರೆ ಸದ್ದು ಇಳಿಯುತ್ತದೆ. ಅಲ್ಲಿ ಎತ್ತುಗಳು ಉಸಿರಾಡುವುದು ಕೇಳಿಸುತ್ತದೆ. ಇಬ್ಬಿಬ್ಬರು ಗಂಡಸರು ಎದುರುಬದುರು ನಿಂತು, ಮುಖ ಬೇರೆಲ್ಲೋ ತಿರುಗಿಸಿಕೊಂಡು, ನಡುವೆ ಒಂದು ಬಟ್ಟೆಯ ಕೆಳಗೆ ಕೈ ಹಿಡಿದುಕೊಂಡಿರುತ್ತಾರೆ. ಮೊದಲ ಸಲ ನೋಡಿದವನಿಗೆ ಇವರೆಲ್ಲ ಯಾವುದೋ ದುಃಖವನ್ನು ಹಂಚಿಕೊಳ್ಳುತ್ತಿದ್ದಾರೆ ಅನ್ನಿಸಬೇಕು.

ಅದೇ ವ್ಯಾಪಾರ. ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಹಸ್ತ ಪೂರ್ತಿ ಹಿಡಿದರೆ ಐದು. ಅದು ನೂರೋ ಹತ್ತೋ ಎಂಬುದು ಎದುರಿಗಿರುವ ದನವನ್ನು ನೋಡಿದರೆ ತಿಳಿಯುತ್ತದೆ. ಬಾಯಲ್ಲಿ ಮಾತ್ರ ಬೆಲೆ ಬರಬಾರದು. ಬಾಯಿ ಆಗ ಮಳೆಯ ಬಗ್ಗೆಯೋ ಮಗಳ ಬಾಣಂತನದ ಬಗ್ಗೆಯೋ ಮಾತಾಡುತ್ತಿರುತ್ತದೆ. ಕೊಳ್ಳುವವನ ಕೈಯಿಂದ ಹೇಳಿಸಿಕೊಂಡು, ಮಾರುವವನ ಕೈಗೆ ಹೇಳಿ, ಅವನ ಬೆರಳು ಇವನಿಗೆ ತಂದು, ಹೀಗೆ ದಲ್ಲಾಳಿ ನಾಲ್ಕಾರು ಸಲ ಓಡಾಡಿದ ಮೇಲೆ ಇಬ್ಬರೂ ತಲೆಯಾಡಿಸುತ್ತಾರೆ. ಸರ್ಕಾರ ಆಣೆಯನ್ನು ತೆಗೆದು ನಯಾಪೈಸೆ ತಂದು ಪೇಟೆಯವರನ್ನೆಲ್ಲ ಗೊಂದಲಕ್ಕೆ ಕೆಡವಿತಲ್ಲ, ಈ ಬಯಲಿಗೆ ಅದರ ಸುದ್ದಿಯೂ ಮುಟ್ಟಿರಲಿಲ್ಲ. ಬೆರಳುಗಳು ಹಿಂದೆಯೂ ಐದಿದ್ದವು, ಈಗಲೂ ಐದೇ.

ಒಬ್ಬ ಚರ್ಚಾಪಟುವಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಜಗತ್ತಿನ ಅತಿ ಗಂಭೀರ ವಾದಗಳು ಇಲ್ಲಿ ನಡೆಯುತ್ತಿದ್ದವು; ಒಂದು ವಾಕ್ಯವೂ ಇಲ್ಲದೆ.

ಆ ಬೆಳಗ್ಗೆ ಮಾವನ ಹತ್ತಿರ ಉಳವಿಯ ಕೆರಿಯಪ್ಪ ಬಂದಿದ್ದರು. ಅವರ ಮಕ್ಕಳೆಲ್ಲ, ನಮ್ಮಪ್ಪ ಹಿಂದೆ ಉಳವಿಯ ಶಾಲೆಯಲ್ಲಿದ್ದಾಗ, ಅವರ ಕೈಯಲ್ಲಿ ಅಕ್ಷರ ಕಲಿತವರು. ಆ ನಂಬಿಕೆಯ ಮೇಲೆ ಅಷ್ಟು ದೂರದಿಂದ ‘ಮೇಷ್ಟ್ರ ಭಾವಮೈದನ’ನನ್ನು ಹುಡುಕಿಕೊಂಡು ಒಂದು ಎತ್ತು ಹೊಡೆದುಕೊಂಡು ಬಂದಿದ್ದರು. ಕೆಂಚು ಬಣ್ಣದ, ಒಳ್ಳೆಯ ಮೈಕಟ್ಟಿನ ಎತ್ತು, ಹೆಸರು ಕೆಂದ. ಜೊತೆಯ ಎತ್ತು ಮಾಘದಲ್ಲಿ ಹೊಟ್ಟೆಯುಬ್ಬರ ಬಂದು ಹೋಗಿತ್ತು. ಒಂಟಿ ಎತ್ತಿನಿಂದ ಉಳುವುದೆಂತು? ಕೆಂದನನ್ನು ಮಾರಿ, ಮಳೆ ಹಿಡಿಯುವ ಮೊದಲು ಕೆಸರುಗದ್ದೆಗೆ ಆಗುವಂಥ ಒಂದು ಜೊತೆ ಕೋಣ ತರಬೇಕೆಂದು ಅವರ ಯೋಚನೆ.

ಬಯಲುಸೀಮೆಯ ಕಡೆಯ ರೈತನೊಬ್ಬ ಕೆಂದನ ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನು ತಟ್ಟಿ, ಮಾವನ ಕೈಗೆ ಕೈ ಕೊಟ್ಟ. ಮಾವ ವಲ್ಲಿ ಹೊದಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಬಾ ಇಲ್ಲಿ, ನೀನೂ ಕೈ ಹಾಕು. ಕಲಿ,” ಎಂದರು. ಬಟ್ಟೆಯ ಕೆಳಗೆ ಬೆವರಿನ ಒಂದು ಕತ್ತಲೆಯಿತ್ತು. ಮಾವನ ಒರಟು ಬೆರಳುಗಳು ಕೊಳ್ಳುವವನ ಮಾತನ್ನು ನನ್ನ ಬೆರಳುಗಳಿಗೆ ದಾಟಿಸಿದವು: ಮೊದಲು ಹಸ್ತ, ಆಮೇಲೆ ನಾಲ್ಕು ಬೆರಳು.

ಐದೂ ನಾಲ್ಕೂ ಒಂಬತ್ತು, ಅಂದರೆ ತೊಂಬತ್ತು. ಪಕ್ಕದ ಸಾಲಿನಲ್ಲಿ ಇಂಥದೇ ಜೋಡಿ ಮುನ್ನೂರಕ್ಕೆ ಹೋಯಿತೆಂದು ಚಹಾದಂಗಡಿಯಲ್ಲಿ ಆಗಷ್ಟೇ ಕೇಳಿ ಬಂದಿದ್ದೆ. ನನ್ನೊಳಗೆ ಮೊದಲ ಅಧ್ಯಾಯ ಧಗ್ಗನೆ ಹೊತ್ತಿಕೊಂಡಿತು.

“ತೊಂಬತ್ತೇ?” ಎಂದೆ. ಅಂದದ್ದಲ್ಲ, ಕೂಗಿದ್ದು; ಕೊನೆಯ ಬೆಂಚಿನವರಿಗೂ ಕೇಳಬೇಕೆಂದು ತರಬೇತಾದ ಗಂಟಲು ಅದು. “ಜೋಡಿಗೆ ಮುನ್ನೂರಾದರೆ ಒಂದಕ್ಕೆ ನೂರೈವತ್ತಾಗಬೇಕು! ತೊಂಬತ್ತು ಯಾವ ನ್ಯಾಯ?”

ಬಯಲಿನಲ್ಲಿ ಎತ್ತುಗಳು ಕೂಡ ತಲೆಯೆತ್ತಿದವು ಎಂದರೆ ಅಲಂಕಾರವಾದೀತು. ಆದರೆ ಮನುಷ್ಯರು ಎತ್ತಿದ್ದಂತೂ ನಿಜ. ಕೊಳ್ಳುವವನು, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡು ಹೊರಟೇ ಹೋದ. ಮಾವ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಕೆರಿಯಪ್ಪ ಎತ್ತಿನ ಹಗ್ಗವನ್ನು ನೋಡುತ್ತ ನಿಂತರು. ಹಗ್ಗದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಏನ್ರೀ ರುದ್ರಪ್ಪಾರೆ,” ಎಂದ ಆಚೆಯ ಸಾಲಿನ ದಲ್ಲಾಳಿ, “ಅಳಿಯನ್ನ ಕಾಲೇಜಿಗೆ ಕಳ್ಸಿದ್ದು ಡಂಗುರ ಹೊಡ್ಯಾಕೇನ್ರಿ?”

“ಬಿಡ್ರಿ,” ಎಂದ ಇನ್ನೊಬ್ಬ, “ಮುಂದಿನ ಸಂತಿಗೆ ತಮಟೇನೂ ಕೊಡಿಸ್ತಾರ.”

ಆ ದಿನ ಕೆಂದನನ್ನು ಮತ್ತೆ ಯಾರೂ ಕೇಳಲಿಲ್ಲ. ಬಾಯಿಗೆ ಬಿದ್ದ ಬೆಲೆಯ ದನಕ್ಕೆ ಕೈ ಕೊಡುವುದಿಲ್ಲವೆಂಬುದು ಆ ಬಯಲಿನ ಪದ್ಧತಿ. ಒಂದು ರೂಪಾಯಿ ಹೆಚ್ಚು ಕೊಟ್ಟರೆ ದಡ್ಡ ಎನ್ನುತ್ತಾರೆ, ಕಡಿಮೆ ಕೇಳಿದರೆ ಕಟುಕ ಎನ್ನುತ್ತಾರೆ. ಎಲ್ಲರಿಗೂ ಎಲ್ಲ ತಿಳಿದ ಕೂಡಲೇ ಯಾರಿಗೂ ಏನೂ ಬೇಡವಾಯಿತು. ಈ ಸಂಭವ ನನ್ನ ಪುಸ್ತಕದಲ್ಲಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದ ಮೇಲೂ ಮಾವ ಬೈಯಲಿಲ್ಲ. ಬೈದಿದ್ದರೆ ವಾದಿಸಬಹುದಿತ್ತು. ತಡೆಯಲಾರದೆ ನಾನೇ ಶುರುಮಾಡಿದೆ: ಬೆಲೆ ಮುಚ್ಚಿಡುವುದೇ ದಲ್ಲಾಳಿಯ ಲಾಭಕ್ಕೆ, ಆ ಕೈಯಲ್ಲಿ ಒಂದು, ಈ ಕೈಯಲ್ಲಿ ಒಂದು ಹೇಳಿದರೆ ಕೇಳುವವರು ಯಾರು, ಕತ್ತಲೆಯಲ್ಲಿ ನಡೆಯುವುದೆಲ್ಲ ಕಳ್ಳತನವೇ. ನಾನು ಮುಗಿಸುವವರೆಗೆ ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಖರೇನ ಐತಿ,” ಎಂದರು. ಎದುರಾಳಿ ಒಪ್ಪಿಕೊಂಡರೆ ಏನು ಮಾಡಬೇಕೆಂದು ನಮ್ಮ ಚರ್ಚಾಕೂಟದಲ್ಲಿ ಹೇಳಿಕೊಟ್ಟಿಲ್ಲ. “ವಲ್ಲಿ ಕೆಳಗ ಕಳ್ಳತನಾನೂ ಇರ್ತೈತಿ, ಮಾನಾನೂ ಇರ್ತೈತಿ. ನೀ ವಲ್ಲಿ ಕಿತ್ತಿ. ಕಳ್ಳ ಓಡಿಹೋದ. ಮಾನ ಇದ್ದಾಂವ ನಿಂತಾನ ನೋಡು ಜಗಲಿ ಮ್ಯಾಲೆ.”

ಜಗಲಿಯ ಮೇಲೆ ನಿಂತು ಕೆರಿಯಪ್ಪ ಅಂಗಳದಲ್ಲಿದ್ದ ಕೆಂದನಿಗೆ ಹುಲ್ಲು ಹಾಕುತ್ತಿದ್ದರು.

ಮರುದಿನ ಬೆಳಗ್ಗೆ ಅವರು ಎತ್ತು ಹೊಡೆದುಕೊಂಡು ಉಳವಿಗೆ ಹೊರಟಾಗ ನಾನೂ ಹೊರಟೆ. ‘ಬಸ್ಸಿಗೆ ಹೋಗು ಮಾರಾಯ, ನಿಂಗ್ಯಾಕೆ ನಡಿಯೋ ಹಣೆಬರ’ ಎಂದರು. ಪ್ರಾಯಶ್ಚಿತ್ತ ಎಂಬ ಮಾತು ನನ್ನಂಥ ಸಂದೇಹವಾದಿಯ ಬಾಯಲ್ಲಿ ಬರುವಂತಿರಲಿಲ್ಲ. ‘ಊರು ನೋಡ್ತಾ ಹೋಗೋಣ ಅಂತ’ ಎಂದೆ. ನೋಡಲು ಇದ್ದದ್ದು ಧೂಳು, ಬಿಸಿಲು, ಮತ್ತು ನಮ್ಮನ್ನು ದಾಟಿಹೋದ ಬಸ್ಸುಗಳ ಹಿಂಭಾಗ. ಎತ್ತಿನ ಜೊತೆ ನಡೆಯುವುದೆಂದರೆ ಎತ್ತಿನ ಹೆಜ್ಜೆಯಲ್ಲಿ ನಡೆಯುವುದು. ಎರಡು ಮೈಲಿಯಾಗುವಷ್ಟರಲ್ಲಿ ನನ್ನೊಳಗಿನ ಇಬ್ಬರು ವಾದಿಗಳಲ್ಲಿ ಒಬ್ಬ ಕುಳಿತುಬಿಟ್ಟ. ನಾಲ್ಕನೆಯ ಮೈಲಿಗೆ ಇನ್ನೊಬ್ಬನೂ ಕುಳಿತ.

ಆಗ ಕೆರಿಯಪ್ಪ ತಾವಾಗಿಯೇ ಮಾತಾಡಿದರು. “ಜೋಡೀಲಿ ಅರ್ಧ ಅಂದ್ರೆ ಅರ್ಧ ಅಲ್ಲ ಕಣಾ, ಮೇಷ್ಟ್ರ ಮಗನೇ. ಇವ ಬಲದೆತ್ತು. ಆರು ವರ್ಷ ಬಲಕ್ಕೇ ಹೂಡಿದ್ದು. ಎಡಕ್ಕೆ ಕಟ್ಟಿದ್ರೆ ಹೆಜ್ಜೆ ಇಡಕ್ಕೇ ಬರಲ್ಲ ಇವಂಗೆ. ಬಲದೆತ್ತು ಕಳ್ಕಂಡೋನೇ ಬರ್ಬೇಕು, ಅವನ ಎಡದೆತ್ತಿನ ಎತ್ರ ಇಷ್ಟೇ ಇರ್ಬೇಕು. ಅಂಥೋನು ಸಿಗದೇ ಹೋದ್ರೆ ಇದು ಬರೇ ಮೇವು ತಿನ್ನೋ ಬಾಯಿ.”

“ಹಾಗಾದರೆ ತೊಂಬತ್ತು ಸರಿಯಾದ ಬೆಲೆಯೇ?” ಎಂದು ಕೇಳಿದೆ. ಕೇಳಬಾರದಿತ್ತು.

“ಸರಿ ತಪ್ಪಿನ ಮಾತಲ್ಲ ಅದು.” ಅವರು ಕೆಂದನ ಬೆನ್ನಿನ ಮೇಲಿನ ನೊಣ ಓಡಿಸಿದರು. “ನೀ ಕೂಗಿದ್ದು ಉಳವಿಗೆ ನಂಗಿಂತ ಮುಂಚೆ ಹೋಗಿ ಮುಟ್ಟಿರುತ್ತೆ. ನಮ್ಮ ದಾಯಾದಿ ಒಬ್ಬ ಇದಾನೆ. ‘ಏನ್ ಕೆರಿಯಪ್ಪಾ, ನಿನ್ನ ಕೆಂದನ್ನ ಅಷ್ಟಕ್ಕೆ ಕೇಳಿದ್ರಂತೆ’ ಅಂತಾನೆ. ನನ್ನೆತ್ತನ್ನ ನಾ ಎಷ್ಟಕ್ಕೆ ಬಿಟ್ಟೆ ಅನ್ನೋದು ನಂಗೆ ಗೊತ್ತಿದ್ರೆ ಸಾಕಾಗಿತ್ತು.”

ಇದಕ್ಕೆ ಖಂಡನೆ ಹುಡುಕಿದೆ. ಅಭ್ಯಾಸಬಲ. ಸಿಗಲಿಲ್ಲ. ಸಿಗದಿದ್ದುದರಿಂದ ಒಂದು ಬಗೆಯ ಹಗುರವೂ ಆಯಿತೆಂದು ಹೇಳಿದರೆ ನೀವು ನಂಬಬೇಕು.

ಬಿಸಿಲು ಏರಿದ ಮೇಲೆ ಕೆಂದನಿಗೆ ನೀರು ಕುಡಿಸಿ ನಾವೂ ಬುತ್ತಿ ಬಿಚ್ಚೋಣವೆಂದು ರಸ್ತೆ ಬಿಟ್ಟು ಬಳ್ಳಿಗಾವಿಗೆ ಹೊರಳಿದೆವು. ಅಲ್ಲಿಯ ದೇವಸ್ಥಾನದ ಕಂಬಗಳ ನುಣುಪಿಗೆ ಬೆನ್ನು ಕೊಟ್ಟರೆ ಬೇಸಿಗೆ ಅರ್ಧ ಇಳಿಯುತ್ತದೆ. ಒಂದು ಕಾಲದಲ್ಲಿ ಇದು ವಿದ್ಯೆಯ ಊರು. ದೇಶದ ನಾಲ್ಕೂ ಕಡೆಯ ಪಂಡಿತರು ಬಂದು, ಉಂಡು, ವಾದ ಮಾಡಿ ಹೋಗುತ್ತಿದ್ದರಂತೆ. ನಾನು ಹುಟ್ಟಬೇಕಾದ ಕಾಲ ಅದು ಎಂದು ಹಿಂದೆ ಎಷ್ಟೋ ಸಲ ಅಂದುಕೊಂಡಿದ್ದೆ. ಆ ಮಧ್ಯಾಹ್ನ, ಕಾಲಿನ ಗುಳ್ಳೆಗಳನ್ನು ನೋಡಿಕೊಳ್ಳುತ್ತ, ಬೇರೆ ಯೋಚನೆ ಬಂತು. ಅಷ್ಟು ವಾದಗಳಲ್ಲಿ ಯಾರು ಗೆದ್ದರು? ಒಬ್ಬ ರೈತನಿಗೂ ನೆನಪಿಲ್ಲ. ಅಂಗಳದ ಶಾಸನಗಳಲ್ಲಿ ರಾಜನ ಬಿರುದುಗಳಿವೆ, ದಾನ ಬಿಟ್ಟ ಗದ್ದೆಯ ನಾಲ್ಕು ಗಡಿಗಳಿವೆ, ಆ ದಾನವನ್ನು ಅಳಿಪಿದವರಿಗೆ ಶಾಪವಿದೆ. ಕೊಟ್ಟದ್ದೆಲ್ಲ ಕಲ್ಲಿನ ಮೇಲಿದೆ. ಚೌಕಾಸಿ ಮಾಡಿದ್ದು ಎಲ್ಲಿಯೂ ಇಲ್ಲ. ಅಂದರೆ ಆಗಲೂ ಒಂದು ವಲ್ಲಿಯಿತ್ತು ಎನ್ನಿ.

ಹೀಗೆ ನಾನು ಇತಿಹಾಸವನ್ನು ಸಂದೇಹಿಸುತ್ತಿರುವಾಗ ಒಬ್ಬ ಮುದುಕಿ ಬಂದು ಕೆಂದನ ಸುತ್ತ ಒಂದು ಸುತ್ತು ಹಾಕಿದಳು. ಬಿಳಿಯ ತಲೆ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಬಾರುಕೋಲು. ಗೌರಮ್ಮ ಎಂದು ಆಮೇಲೆ ತಿಳಿಯಿತು. ಗಂಡ ಹೋದ ಮೇಲೆ ತಾನೇ ಬೇಸಾಯ ಮಾಡಿಸುತ್ತಿದ್ದವಳು.

“ಎಡದ್ದೋ, ಬಲದ್ದೋ?” ಎಂದಳು. ನಮಸ್ಕಾರವೂ ಇಲ್ಲ, ಊರು ಯಾವುದೆಂದೂ ಇಲ್ಲ.

“ಬಲದ್ದು,” ಎಂದರು ಕೆರಿಯಪ್ಪ.

ಮುದುಕಿ ತನ್ನ ಭುಜವನ್ನು ಕೆಂದನ ಹೆಗಲ ಮೇಲಿನ ಹಿಣಿಲಿಗೆ ತಾಗಿಸಿ ಎತ್ತರ ನೋಡಿದಳು. ಅವಳ ಬಲದೆತ್ತು ಹೋದ ತಿಂಗಳು ಕಾಲು ಮುರಿದುಕೊಂಡಿತ್ತಂತೆ. ಎದುರಿನ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದ ಮೈದುನನ ಕಡೆ ಗಲ್ಲ ತೋರಿಸಿ ಅವಳೇ ಮೆಲ್ಲಗೆ ಹೇಳಿದಳು: “ಉಳದ ಒಂಟಿ ಎತ್ತನ್ನ ಮೂರು ಕಾಸಿಗೆ ಹೊಡ್ಕೊಂಡು ಹೋಗಬೇಕಂತ ಕುಂತಾನ. ನಾ ಎಷ್ಟಕ್ಕ ಕೊಂಡೆ ಅಂತ ಅವಂಗ ಗೊತ್ತಾಗಬಾರ್ದು. ವಲ್ಲಿ ಹಾಕ್ರಿ.”

ಕೆರಿಯಪ್ಪ ವಲ್ಲಿ ತೆಗೆದರು. ತೆಗೆದು ಹಾಗೆಯೇ ನಿಂತರು. ಪರಸ್ತ್ರೀಯ ಕೈ ಹಿಡಿಯುವುದು ಹೇಗೆ? ದಲ್ಲಾಳಿ ಇಲ್ಲ. ಮೈದುನ ನೋಡುತ್ತಿದ್ದಾನೆ. ಅವರ ಇಕ್ಕಟ್ಟು ಮುದುಕಿಗೆ ಅರ್ಥವಾಯಿತು.

“ಗಂಡಸ್ರ ಕೈ ಹಿಡ್ಯಾ ವಯಸ್ಸು ನಂದು ಹೋಗೇತಿ,” ಎಂದಳು, “ಆದ್ರ ಊರಿನ ಬಾಯಿ ಹೋಗಿಲ್ಲಲ್ಲ.” ಆಮೇಲೆ ನನ್ನನ್ನು ನೋಡಿದಳು. “ಈ ಹುಡುಗ ಯಾರು? ಮೊಮ್ಮಗನ ವಯಸ್ಸಿಂವ. ಇವಂಗ ಕೈ ಬರ್ತೈತೇನು?”

ಕೆರಿಯಪ್ಪ ನನ್ನ ಮುಖ ನೋಡಿದರು. ಅವರು ಇಲ್ಲವೆನ್ನಬಹುದಿತ್ತು, ಎನ್ನಬೇಕಾಗಿತ್ತು. ವಲ್ಲಿಯನ್ನು ನನ್ನತ್ತ ಚಾಚಿ, “ಬರುತ್ತೆ,” ಎಂದರು.

ಗೆದ್ದ ಬಟ್ಟಲಿಗೂ ನಾನು ಅಷ್ಟು ಜಾಗ್ರತೆಯಿಂದ ಕೈ ಚಾಚಿರಲಿಲ್ಲ. ವಲ್ಲಿಯ ಕೆಳಗೆ ನನ್ನ ಬಲಗೈ ಮುದುಕಿಯ ಕೈಯಲ್ಲಿ, ಎಡಗೈ ಕೆರಿಯಪ್ಪನವರ ಕೈಯಲ್ಲಿ. ಅವಳ ಬೆರಳು ಒಣಗಿದ ಬೇರಿನ ಹಾಗೆ ಗಟ್ಟಿ. ಅವಳು ಹೇಳಿದ್ದನ್ನು ಇತ್ತ ದಾಟಿಸಿದೆ. ಕೆರಿಯಪ್ಪ ಮಳೆ ಈ ಸಲ ತಡವಾಗುತ್ತದೇನೋ ಎನ್ನುತ್ತ ಉತ್ತರ ಕೊಟ್ಟರು. ಅತ್ತ ದಾಟಿಸಿದೆ. ಮೂರನೆಯ ಸಲ ಅವಳ ಬೆರಳುಗಳನ್ನು ಹೊತ್ತು ತರುವಾಗ ನನ್ನೊಳಗಿನ ಹಳೆಯ ವಾದಿ ಎದ್ದ: ಇನ್ನೊಂದು ಬೆರಳು ಸೇರಿಸು, ಯಾರಿಗೂ ತಿಳಿಯುವುದಿಲ್ಲ, ನಿನ್ನೆಯ ತಪ್ಪು ತೀರುತ್ತದೆ. ಮರುಕ್ಷಣವೇ ಎದುರಿನವನೂ ಎದ್ದ: ಮುದುಕಿಯ ಗಂಟು ಕೊಡಲು ನೀನು ಯಾರು? ಇಬ್ಬರೂ ಚೆನ್ನಾಗಿಯೇ ಮಾತಾಡಿದರು.

“ಯಾಕಪಾ, ಕೈ ನಿಂತೈತಿ?” ಎಂದಳು ಗೌರಮ್ಮ. “ಹುಷಾರಿಲ್ಲೇನು?”

“ನಡೆದು ದಣಿದಿದ್ದೇನೆ ಅಜ್ಜಿ,” ಎಂದೆ. ಅವಳು ಎಷ್ಟು ಹೇಳಿದ್ದಳೋ ಅಷ್ಟನ್ನೇ ದಾಟಿಸಿದೆ.

ಕೆರಿಯಪ್ಪ ತಲೆಯಾಡಿಸಿದರು. ಮುದುಕಿ ವಲ್ಲಿಯ ಕೆಳಗೇ ಹಣ ದಾಟಿಸಿ, ಕೆಂದನ ಹಗ್ಗಕ್ಕೆ ಕೈ ಹಾಕಿದಳು. ಜಗಲಿಯ ಮೇಲಿನ ಮೈದುನ ತಡೆಯಲಾರದೆ ನನ್ನನ್ನೇ ಕೂಗಿ ಕೇಳಿದ: “ಏಯ್ ತಮ್ಮಾ, ಎಷ್ಟಕ್ಕಾತೋ?” ಕೊನೆಯ ಬೆಂಚಿಗೂ ಕೇಳುವ ನನ್ನ ಗಂಟಲಿಗೆ ಅದು ತುಂಬ ಹತ್ತಿರದ ಜಗಲಿ. ಬಿಸಿಲು ಜಾಸ್ತಿಯಾಯಿತೆಂದು ಹೇಳಿ ಹೊರಟೆ. ಆ ಬೆಲೆ ಎಷ್ಟೆಂದು ನಿಮಗೂ ಹೇಳುವುದಿಲ್ಲ. ಇಷ್ಟು ಸಲಿಗೆಯಿಂದ ಎಲ್ಲವನ್ನೂ ಹೇಳಿಕೊಂಡೆನೆಂದು ಅದನ್ನೂ ನಿರೀಕ್ಷಿಸಬೇಡಿ.

ಇಷ್ಟರಿಂದ ನಾನೇನೋ ದೊಡ್ಡ ಸತ್ಯ ಕಂಡೆನೆಂದು ತಿಳಿಯಬೇಡಿ. ವಲ್ಲಿಯ ಕೆಳಗೆ ಕಳ್ಳತನವೂ ಇದೆಯೆಂಬ ನನ್ನ ವಾದ ಹಾಗೆಯೇ ಇದೆ, ಮಾವನೇ ಒಪ್ಪಿದ್ದಾರೆ. ಮುದುಕಿ ಹೆಚ್ಚು ಕೊಟ್ಟಳೋ, ಕೆರಿಯಪ್ಪ ಕಡಿಮೆ ತೆಗೆದುಕೊಂಡರೋ, ಯಾರು ಬಲ್ಲರು? ಶಿರಾಳಕೊಪ್ಪದ ತನಕ ಕೆರಿಯಪ್ಪ ಎಲೆಯಡಿಕೆ ಹಾಕಿಕೊಂಡು ಆರಾಮವಾಗಿ ನಡೆದರು. ಒಂದೇ ಒಂದು ಸಲ ಬಲಗೈ, ಇಲ್ಲದ ಹಗ್ಗಕ್ಕಾಗಿ ಗಾಳಿಯಲ್ಲಿ ತಡಕಾಡಿತು. ಅಲ್ಲಿಂದ ಬಸ್ಸಿನಲ್ಲಿ ನನ್ನ ಪಕ್ಕವೇ ಕುಳಿತರು. ಸೊರಬದಲ್ಲಿ ನಾನು ಇಳಿಯುವಾಗ ‘ಮೇಷ್ಟ್ರಿಗೆ ಕೇಳಿದೆ ಅನ್ನು’ ಎಂದಷ್ಟೇ ಹೇಳಿದರು. ಶಿರಾಳಕೊಪ್ಪ ಯಾವಾಗ ಬಂತು, ಯಾವಾಗ ಹೋಯಿತು, ಅಲ್ಲಿ ನಾನು ಬಿ.ಎ.ಯೋ ಬಿ.ಕಾಂ.ಓ ಎಂದು ಆ ದಿನ ಗಮನಿಸಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ಶಾಲೆಯ ಬೀಗದಕೈ ಹುಡುಕುತ್ತಿದ್ದರು. ಅರ್ಜಿಯ ಹಾಳೆ ಮೇಜಿನ ಮೇಲೆ, ಬೆವರಿಗೆ ನೆನೆದು ಒಣಗಿ, ಹಪ್ಪಳದಂತೆ ಬಿದ್ದಿತ್ತು. ಅಂಚೆಗೆ ಹಾಕಲು ಅದೇ ಕೊನೆಯ ದಿನ.

“ಏನ್ ತೀರ್ಮಾನ ಮಾಡ್ದೆ?” ಎಂದರು.

“ಬಿ.ಕಾಂ.”

ಅವರು ಕುರ್ಚಿ ಎಳೆದು ಕುಳಿತರು. ಬೀಗದಕೈಯನ್ನು ಮರೆತು, ತೋಳು ಮಡಿಸಿ, ಒಬ್ಬ ಒಳ್ಳೆಯ ಎದುರಾಳಿಯ ಹಾಗೆ ಸಿದ್ಧರಾದರು. “ಕಾರಣ?”

ಬಾಯಿ ತೆರೆದೆ. ಕಾರಣಗಳು ಮೂರು, ಎಂದಿನಂತೆ, ಸಾಲಾಗಿ ಬಂದು ನಿಂತವು. ಅವುಗಳ ಹಿಂದೆಯೇ ಅವುಗಳ ಮೂರು ಖಂಡನೆಗಳೂ ಬಂದು ನಿಂತವು. ಆರನ್ನೂ ನೋಡಿದೆ. ಆರೂ ನನ್ನವೇ; ಆರೂ ಚೆನ್ನಾಗಿ ಬೆಳೆದ ಮಕ್ಕಳು. ಯಾವುದನ್ನೂ ಕರೆಯಬೇಕೆನ್ನಿಸಲಿಲ್ಲ.

“ಗೊತ್ತಿಲ್ಲಪ್ಪ,” ಎಂದೆ. “ಅದು ನಂಗೆ ಬರಲ್ಲ. ಕಲಿಬೇಕು.”

ಅಪ್ಪ ಕಾದರು. ಇನ್ನೇನಾದರೂ ಬರುತ್ತದೆಂದು ಬಹಳ ಹೊತ್ತು ಕಾದರು. ಬರಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಅಮ್ಮ ಒಳಗಿನಿಂದ ಇಣುಕಿದಳು. ಮನೆ ಅಷ್ಟು ಸುಮ್ಮನಿದ್ದದ್ದು ಅವಳಿಗೆ ಗಾಬರಿಯಾಗಿರಬೇಕು.

“ಬೇಸಿಗೆ ಪೂರ್ತಿ ನಿನ್ನ ಕಾರಣಗಳನ್ನ ಕೇಳ್ದೆ,” ಎಂದರು ಅಪ್ಪ. “ಒಂದಾದ್ರೂ ಮಾರನೇ ದಿನಕ್ಕೆ ಉಳೀಲಿಲ್ಲ. ಇದಕ್ಕೆ ಕಾರಣ ಇಲ್ಲ ಅಂತೀಯ. ಹಂಗಾದ್ರೆ ಉಳೀಬಹುದು. ಬರಿ.”

ಬರೆದೆ. ಕೆಳಗೆ ‘ಪೋಷಕರ ರುಜು’ ಎಂಬ ಜಾಗವಿತ್ತು. ತಾವು ಒಪ್ಪದ ಆ ಮಾತಿನ ಕೆಳಗೆ ಅಪ್ಪ, ಶಾಲೆಯ ಹಾಜರಿ ಪುಸ್ತಕಕ್ಕೆ ಹಾಕುವಷ್ಟೇ ನೀಟಾಗಿ, ಕೊನೆಯ ಸುಳಿಯನ್ನೂ ಬಿಡದೆ ರುಜು ಹಾಕಿದರು. ಹಾಕಿ, ಶಾಯಿ ಆರಲೆಂದು ಹಾಳೆಯನ್ನು ಮೆಲ್ಲಗೆ ಊದಿದರು. ಸೋತವರ ರುಜು ಅಷ್ಟು ಸ್ಥಿರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಥವಾ ಅಲ್ಲಿ ಯಾರೂ ಸೋತಿರಲೇ ಇಲ್ಲವೇನೋ. ಅಂಥ ಚರ್ಚೆಗಳಿಗೆ ನಾನು ಇನ್ನೂ ಹೊಸಬ.